ಎಡಮುರಿ

ಇದಿನಬ್ಬ ಕಾಕ ಬಂದರಿನ ಏರಿನಲ್ಲಿ
ಸೈಕಲನ್ನು ಹೆಗಲಿಗೆ ಹಾಕಿಕೊಂಡು ಬಂದರು,
ಹದಿನೆಂಟು ವರ್ಷ ಅದು ಹೊತ್ತದ್ದನ್ನು
ಒಂದೇ ಬೆಳಿಗ್ಗೆ ತೀರಿಸುವವರ ಹಾಗೆ.

"ಪೆಡಲು ಸತ್ತಿತು ಮಗಳೇ. ನಿನ್ನೆ ಬೆಂಗ್ರೆಯಲ್ಲಿ
ದೋಣಿ ಇಳಿದದ್ದೇ, ನಿಂತದ್ದು ನಿಂತದ್ದೇ."

ದಿನಕ್ಕೆರಡು ಸಲ ಹೊಳೆ ದಾಟುವ ಸೈಕಲು.
ದೋಣಿಯ ಮೂಗಿನಲ್ಲಿ ನಿಂತು
ಅಳಿವೆಯ ಗಾಳಿ ಕುಡಿದದ್ದು.
ಆಚೆ ದಡದಲ್ಲಿ ಹೊಯಿಗೆ, ಈಚೆ ದಡದಲ್ಲಿ ಮೀನಿನ ನೀರು,
ನಡುವೆ ಬನ್ನು, ರಸ್ಕು, ಖಾರ ಬಿಸ್ಕುಟು.

ಮಗುಚಿ ಹಾಕಿದೆ.
ಕಾಟರ್ ಪಿನ್ನು ಎರಡು ಪೆಟ್ಟಿಗೆ ಬಿತ್ತು.
ಎಡಗಡೆಯ ಕಪ್ಪು ಗೊಣಗುತ್ತ ಬಂತು.
ಚೈನಿನ ಬದಿಯದ್ದು ಬರಲಿಲ್ಲ.
ಎಕ್ಸಲನ್ನೂ ಗುಂಡುಗಳನ್ನೂ ಕಚ್ಚಿಕೊಂಡು
ಫ್ರೇಮಿನೊಳಗೆ ಮಳಿಯ ಹಾಗೆ ಕೂತಿತ್ತು.

ಚಿಮಿಣಿ ಎಣ್ಣೆ ಕುಡಿಸಿ ರಾತ್ರಿ ಇಟ್ಟೆ.
ಬೆಳಿಗ್ಗೆ ಬೆಂಕಿ ತೋರಿಸಿದೆ, ಬಣ್ಣ ಗುಳ್ಳೆಯೆದ್ದಿತು.
ಸ್ಪಾನರಿಗೆ ಕೊಡೆಯುದ್ದದ ಪೈಪು ತೊಡಿಸಿ ಎಳೆದೆ.
ಐಸ್ ಪ್ಲಾಂಟಿನ ಹುಡುಗ ಪೈಪಿಗೆ ನೇತುಬಿದ್ದ.
ಪೈಪು ಬಗ್ಗಿತು. ಅವನ ಚಪ್ಪಲಿ ಹರಿಯಿತು.
ಕಪ್ಪಿಗೆ ಏನೂ ಗೊತ್ತಾಗಲಿಲ್ಲ.

ಈ ಅಂಗಡಿ ನನಗೆ ಅಳಿಯಕಟ್ಟಿನಲ್ಲಿ ಬಂದದ್ದು.
ಮಾವನಿಗೆ ಗುತ್ತಿನ ಮನೆಯಿಲ್ಲ, ಬಾಕಿಮಾರು ಗದ್ದೆಯಿಲ್ಲ;
ಇದ್ದದ್ದು ಹದಿನಾಲ್ಕು ಸ್ಪಾನರು, ಒಂದು ವೈಸು,
ಕೆಮ್ಮುವ ಒಂದು ಪಂಪು.
ಪಕ್ಷವಾತದ ಮೇಲೆ ಬಲಗೈ ಮಡಿಲಲ್ಲಿ ಮಲಗಿದೆ.
ಬಾಯಲ್ಲಿ ಉಳಿದ ತುಳು ಒಂದೇ ಒಂದು ಶಬ್ದ: ಅವು.
ಗಂಜಿಗೂ ಅವು, ಬೀಡಿಗೂ ಅವು, ನನಗೂ ಅವು.

"ಅವು," ಎಂದ ಬೆಂಚಿನಿಂದ,
ಎಡಗೈಯಲ್ಲಿ ಗಾಳಿಯನ್ನು ತಿರುವಿದ,
ಡಬ್ಬಿಯ ಮುಚ್ಚಳ ಬಿಗಿ ಮಾಡುವ ಹಾಗೆ.
ನಾನು ಎದ್ದು ಚಹಾದ ಫ್ಲಾಸ್ಕು ಮುಚ್ಚಿದೆ.
"ಅವು!" ಮತ್ತೆ ತಿರುವಿದ.
ಗ್ರೀಸಿನ ಡಬ್ಬಿ ಮುಚ್ಚಿದೆ. ನೀರಿನ ಬಾಟ್ಲಿ ಮುಚ್ಚಿದೆ.
ಮುಚ್ಚಲು ಅಂಗಡಿಯಲ್ಲಿ ಬೇರೇನೂ ಉಳಿಯಲಿಲ್ಲ.
ಮಾವ ಕಣ್ಣು ಮುಚ್ಚಿದ,
ಪೆದ್ದರ ಎದುರು ಮುಚ್ಚುವಂತೆ.

ಆಗ ನೆನಪಾಯಿತು, ನಾಚಿಕೆ ಕುತ್ತಿಗೆಗೇರಿತು.
ಬಲಗಾಲು ತುಳಿತುಳಿದು ಬಿಚ್ಚಿಹೋಗಬಾರದೆಂದು
ಆ ಬದಿಯೊಂದಕ್ಕೆ ಮರೆ ಎಡಮುರಿ.
ನಿನ್ನೆಯಿಂದ ನಾನು ಬಿಚ್ಚುತ್ತಿರಲಿಲ್ಲ,
ಮೈಯ ಬಲವೆಲ್ಲ ಹಾಕಿ
ಬಿಗಿ ಮಾಡುತ್ತಿದ್ದೆ.

ಪೈಪನ್ನು ಆಚೆಗೆ ದಾಟಿಸಿ ನಿಂತೆ.
ಬಿಗಿಯುವ ದಿಕ್ಕಿಗೆ ತಳ್ಳುವುದಕ್ಕೆ
ಕೈ ಒಪ್ಪಲಿಲ್ಲ, ಬೈದು ಒಪ್ಪಿಸಿದೆ.
ಟಕ್.
ಹಲಸಿನ ಬೀಜ ಕೆಂಡದಲ್ಲಿ ಸಿಡಿದಷ್ಟೇ ಸದ್ದು.
ಆಮೇಲೆ ಬೆರಳಿಗೇ ಬಂತು, ಕೆಂಪು ಹುಡಿ ಉದುರಿಸುತ್ತ.

ಒಳಗೆ ಗ್ರೀಸು ಹಳೆಯ ಓಲೆಬೆಲ್ಲ.
ಹನ್ನೊಂದು ಗುಂಡುಗಳಲ್ಲಿ ಒಂಬತ್ತು ಸಿಕ್ಕಿದವು,
ಒಂದು ಎರಡು ಹೋಳು,
ಇನ್ನೊಂದು ಬರೀ ತುಕ್ಕಿನ ನೆನಪು.
ಹೊಸ ಎಕ್ಸಲು, ಹೊಸ ಕಪ್ಪು, ಹೊಸ ಗುಂಡು.
ಪೆಡಲಿಗೆ ಒಂದು ಬೆರಳು ತಾಗಿಸಿದೆ:
ಕಾಕ ಒಂದು ರಸ್ಕು ತಿಂದು ಮುಗಿಸುವವರೆಗೂ ತಿರುಗಿತು.

ವಾರ ಬಿಟ್ಟು ಅವರು ಮತ್ತೆ ಬಂದರು, ಪೆಟ್ಟಿಗೆ ತುಂಬ ಬನ್ನು.
"ಎಂತ ಮಾಡಿದೆ ಮಾರಾಯ್ತಿ! ಸೈಕಲಿಗೆ ಸ್ವರವೇ ಇಲ್ಲ.
ಕಿರ್ರೆಂದರೆ ಬಾಗಿಲಿಗೆ ಬರುತ್ತಿದ್ದ ಹೆಂಗಸರು
ಕಾಕ ಸತ್ತರಾ ಎಂದು ವಿಚಾರಿಸುತ್ತಿದ್ದಾರಂತೆ."

"ಹಾರ್ನು ಕಟ್ಟಿ."

"ಹಾರ್ನು ಮೀನಿನವರದ್ದು.
ಒತ್ತಿದೆ ಒಂದು ದಿನ, ಬೆಕ್ಕುಗಳು ಬಂದವು."

ಮಾವ ಬೆಂಚಿನಲ್ಲಿ ಅಲುಗಿದ.
ಎಡಗೈ ಕಿಟಕಿಯತ್ತ ಚಾಚಿದ;
ಅಲ್ಲಿ ಪೌಡರಿನ ಡಬ್ಬಿಯಲ್ಲಿ ನಾನು ಎಸೆಯದೆ ಇಟ್ಟ
ತುಕ್ಕು ಗುಂಡುಗಳು.

"ಅವು," ಎಂದ.

ಈ ಸಲ ಕನ್ನಡದಲ್ಲೇ ಕೇಳಿಸಿತು.
ಒಂಬತ್ತನ್ನೂ ಒಳಗೆ ಬಿಟ್ಟು
ಮಡ್‌ಗಾರ್ಡಿನ ಕೆಳಗೆ ತಂತಿಯಲ್ಲಿ ಕಟ್ಟಿದೆ.
ಕಾಕ ಇಳಿಜಾರಿನಲ್ಲಿ ದೋಣಿಯತ್ತ ಹೋದರು,
ಗಿಲಿಗಿಲಿ ಗಿಲಿಗಿಲಿ,
ಮುಚ್ಚಳ ಸಡಿಲ ಉಂಟೋ ಎಂದು ನಾನು
ಕಿವಿಗೊಟ್ಟು ನಿಂತೆ.