ಹತ್ತು ಸಾವಿರ ಸುತ್ತು

ಅಮ್ಮತ್ತಿಯ ಪೆಟ್ರೋಲ್ ಬಂಕಿನ ಹಿಂದೆ
ಇನಾಸ್ ಮೇಸ್ತ್ರಿಯ ಮೋಟಾರು ರಿವೈಂಡಿಂಗ್ ಅಂಗಡಿ.
ಹಗಲೆಲ್ಲ ಸುಟ್ಟ ಪಂಪು, ಪಲ್ಪರಿನ ಮೋಟಾರು, ವಾರ್ನಿಷಿನ ಘಾಟು.
ರಾತ್ರಿ ಎಂಟರ ಮೇಲೆ ಅದೇ ಮೇಜಿನಲ್ಲಿ
ಹೊಲಿಗೆ ಯಂತ್ರದ ಮೋಟಾರಿಗೆ ಬಾಬಿನ್ನು ಸಿಕ್ಕಿಸಿ
ಕೂದಲಿಗಿಂತ ಸಪೂರದ ತಾಮ್ರವನ್ನು
ಬೆರಳ ಸಂದಿಯಿಂದ ಬಿಡುತ್ತಾನೆ, ಎಣಿಸುತ್ತ.
ಒಮ್ಮೆ ಒಂಬತ್ತು ಸಾವಿರದ ಎಂಟುನೂರರಲ್ಲಿ ಕಡಿಯಿತು.
ಬೈಯಲಿಲ್ಲ. ಬೀಡಿ ಹಚ್ಚಿದ,
ಮತ್ತೆ ಒಂದರಿಂದ ಶುರು ಮಾಡಿದ.

ನಾನು ತೋಟದ ರೈಟರ್. ಸಂಬಳದ ಪುಸ್ತಕ, ಗೊಬ್ಬರದ ಲೆಕ್ಕ.
ಮುಚ್ಚಿದ ಕ್ಲಬ್ಬೊಂದರ ಬ್ಯಾಂಡ್ ಸಾಮಾನು ಹರಾಜಾದಾಗ
ಯಾರಿಗೂ ಬೇಡವಾದ ಮೂರು ಗಿಟಾರು ನನ್ನ ಮಂಚಕ್ಕೆ ಬಂದವು.
ಪಿಟೀಲಿನ ಹಾಗೆ ಉಬ್ಬಿದ ಹೊಟ್ಟೆ, ಎದೆಯಲ್ಲಿ ಎರಡು ಸೀಳು.
ಮೂರಕ್ಕೂ ಈಗ ಒಂದೇ ನುಣುಪು ತಂತಿ, ಒಂದೇ ವೈರು, ಒಂದೇ ಆಂಪ್;
ಬೇರೆಯಾದದ್ದು ಇನಾಸ್ ಸುತ್ತಿದ ಪಿಕಪ್ ಮಾತ್ರ.
ಕೇಳಲು ಬಂದವಳು ಬೊಳ್ಳಮ್ಮ,
ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿಯ ರುಚಿ ನೋಡುವವಳು.
"ಸಂಗೀತ ನಂಗೆ ಗೊತ್ತಿಲ್ಲ" ಅಂದು
ಕುರ್ಚಿಯನ್ನು ಗೋಡೆಗೆ ತಿರುಗಿಸಿ ಕೂತಳು,
ಯಾವುದು ಯಾವುದೆಂದು ಕಾಣದ ಹಾಗೆ.

ಮೊದಲನೆಯದು ಎದೆ ಕೊರೆದು ಕೂರಿಸಿದ ಜೋಡಿ ಸುರುಳಿ.
ಒಂದರ ಗೊಣಗನ್ನು ಇನ್ನೊಂದು ನುಂಗುತ್ತದೆ,
ನೆಂಟರೆದುರು ಗಂಡ ಹೆಂಡಿರು ಇರುವಂತೆ.
ಐದನೆಯ ಮೆಟ್ಟಿನಲ್ಲಿ ಒಂದು ಕಾರ್ಡ್ ಹಿಡಿದೆ.
ದುಂಡು ಸ್ವರ, ಅಂಚೇ ಇಲ್ಲ, ಬೆಣ್ಣೆಯಲ್ಲಿ ಬಿದ್ದ ಗುಂಡುಕಲ್ಲು.
ಬೊಳ್ಳಮ್ಮ ನಾಲಿಗೆ ಚಪ್ಪರಿಸಿದಳು:
"ಚೆನ್ನಾಗುಂಟು. ಎಲ್ಲರಿಗೂ ಹಿಡಿಸ್ತದೆ.
ಚಿಕೋರಿ ಸ್ವಲ್ಪ ಮುಂದೆ ಬಂತು."
ಇನಾಸ್ ನೆಲ ನೋಡಿದ.

ಎರಡನೆಯದರಲ್ಲಿ ಪಿಕಪ್ ಮರವನ್ನು ಮುಟ್ಟುವುದಿಲ್ಲ,
ಕುತ್ತಿಗೆಯ ಬಳಿ ಲೋಲಾಕಿನಂತೆ ತೂಗುತ್ತದೆ.
ಉಗುರು ತಾಗಿದ್ದು, ಬೆರಳು ಎತ್ತಿದ್ದು,
ಪಕ್ಕದ ತಂತಿ ಸುಮ್ಮನೆ ಬೆಚ್ಚಿದ್ದು, ಎಲ್ಲ ಕೇಳಿಸಿತು.
ಜೋರು ಮಾಡಿದರೆ ಮಾತ್ರ ಊಳಿಡುತ್ತದೆ, ಹೊಟ್ಟೆ ಟೊಳ್ಳಲ್ಲವೇ.
"ತೊಳೆದ ಅರೇಬಿಕಾ," ಅಂದಳು. "ಹುಳಿ ಎಷ್ಟು ಚೊಕ್ಕ!
ಬಾಯಲ್ಲಿ ನಿಲ್ಲಲಿಲ್ಲ ಅಷ್ಟೆ."

ಮೂರನೆಯದು ಒಂಟಿ ಸುರುಳಿ. ಪೂರ್ತಿ ಹತ್ತು ಸಾವಿರ ಸುತ್ತು.
ಸ್ವಿಚ್ ಹಾಕಿದ್ದೇ ಗುಂಯ್ಯೆಂದಿತು,
ಊರ ಕರೆಂಟಿನ ದೂರೆಲ್ಲ ಇದಕ್ಕೇ ಒಪ್ಪಿಸಿದಂತೆ.
ಸ್ವರಕ್ಕೆ ಗಂಟಲಿತ್ತು, ಗಂಟಲಲ್ಲಿ ಕೆರೆತವಿತ್ತು.
ಗುಂಯ್ಯಿನ ಅಡಿಯಲ್ಲಿ ಇನ್ನೊಂದು:
ಟಿಕ್.
ಟಿಕ್.
"ಗಡಿಯಾರವಾ?"
ಬೇಲಿ, ಅಂದೆ. ಆನೆಗೆಂದು ಕಟ್ಟಿದ ಸೋಲಾರ್ ಬೇಲಿ,
ಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಇದರ ಕಿವಿಗೆ ಅದೂ ಬೀಳುತ್ತದೆ.
"ದೋಷ," ಅಂದ ಇನಾಸ್. "ತಾಮ್ರದ ಹಾಳೆ ಸುತ್ತಿದ್ರೆ ನಿಲ್ತದೆ.
ಮೇಲಿನ ಸ್ವರ ಚೂರು ಸಾಯ್ತದೆ."
ಬೊಳ್ಳಮ್ಮ ತೀರ್ಪು ಕೊಡಲಿಲ್ಲ. ಇನ್ನೊಂದ್ಸಲ, ಅಂದಳು.

ಟಿಕ್ಕನ್ನೇ ತಾಳ ಮಾಡಿಕೊಂಡೆ,
ಎರಡನೆಯ ನಾಲ್ಕನೆಯ ಪೆಟ್ಟಿಗೆ ಅದು ಬೀಳುವ ಹಾಗೆ,
ಆ ಕ್ಲಬ್ಬಿನ ಡ್ರಮ್ಮರು ಕಾಲಲ್ಲಿ ತಟ್ಟೆ ಮುಚ್ಚುವ ಹಾಗೆ.
ಒಂದು ಸುತ್ತು ಹೋಯಿತು, ಎರಡು ಸುತ್ತು,
ಇನಾಸನ ಚಪ್ಪಲಿಯೂ ಸೇರಿಕೊಂಡಿತು.
ಮೂರನೆಯದರಲ್ಲಿ, ಕೆಳಗಿನಿಂದ ಏರಿ ಬರುವಲ್ಲಿ,
ನಾಲ್ಕನೆಯ ಪೆಟ್ಟು ಬೀಳಲಿಲ್ಲ.

ಕೈ ಮುಗ್ಗರಿಸಿತು.
ಕಾದೆವು. ಗುಂಯ್ ಮಾತ್ರ.
ಲೈನಿನ ನಾಯಿಗಳಿಗೂ ಇನ್ನೂ ಗೊತ್ತಿಲ್ಲ.
ಸೆಲ್ವಮಣಿಗೆ ಫೋನು ಹಚ್ಚಿದೆ:
ಮಕ್ಕಳನ್ನ ಒಳಗೆ ಕರ್ಕೊಳ್ಳಿ, ಆನೆ ಒಳಗೆ ಬಂದಿದೆ.
"ಯಾರು ನೋಡಿದ್ದು ಸಾರ್?"
ಏನು ಹೇಳಲಿ.
ಕೆಳಗೆ, ಹಲಸಿನ ಕಡೆಯಿಂದ, ಕೊಂಬೆ ಸೀಳಿದ ಸದ್ದು.
ಮಂಚದ ಮೇಲೆ ಎದೆ ಕೊರೆಯದ ಆ ಎರಡನೆಯದು,
ಅದರ ದಪ್ಪ ತಂತಿ, ಯಾರೂ ಮುಟ್ಟದೆ,
ಸಣ್ಣಗೆ ನಡುಗಿದಂತಾಯಿತು. ಇಲ್ಲದೆಯೂ ಇರಬಹುದು.
ಬೊಳ್ಳಮ್ಮ ಮಾತ್ರ ಅತ್ತ ತಿರುಗಿದಳು.

ಶನಿವಾರ ಇನಾಸನ ಬಿಲ್ಲು ಬಂತು.
ಸುತ್ತಿದ ಕೂಲಿ, ಅಯಸ್ಕಾಂತ, ಮೇಣ;
ತಾಮ್ರದ ಹಾಳೆ, ಇನ್ನೂರ ನಲವತ್ತು ರೂಪಾಯಿ,
ಅದರ ಮೇಲೆ ಉದ್ದಕ್ಕೆ ಒಂದು ಗೀಟು.