ಶಂಕರಘಟ್ಟ, ರಾತ್ರಿ ಪಾಳಿ

ಜುಬೇದಾ ಮೇಡಂ ನೀರು ಓದುವ ಕೋಣೆಗೆ
ನೀರು ಒಯ್ಯುವಂತಿಲ್ಲ; ಬಾಗಿಲಲ್ಲೇ ಬೋರ್ಡು.
ಅವರ ಬಾಟಲಿ ನನ್ನ ಮೇಜಿನ ಮೇಲೆ.

ಒಳಗೆ ಪರದೆಯಲ್ಲಿ ಐನೂರು ಅಣು,
ನಡುವೆ ಒಂಟಿ ಸೋಡಿಯಂ ಅಯಾನು.
“ನೋಡು ರುದ್ರೋಜಿ, ಹತ್ತಿರದ ಆರು
ಮುಖ ಅದರತ್ತ ತಿರುಗಿಸಿ ನಿಂತಿವೆ.
ಆಚೆಯವು ಒಂದರ ಕೈ ಒಂದು ಹಿಡಿದು
ರೆಪ್ಪೆ ಬಡಿಯುವಷ್ಟರಲ್ಲಿ ಹತ್ತುಸಾವಿರ ಕೋಟಿ ಸಲ ಬಿಡುತ್ತವೆ.”

“ಮತ್ತೆ ಚೆಲ್ಲಾಪಿಲ್ಲಿ ಆಗಲ್ವಾ?”

“ಬಿಟ್ಟ ಕೈ ಪಕ್ಕದ್ದನ್ನ ಹಿಡೀತದೆ. ಅದಕ್ಕೇ ನೀರು.”

ಮೆಗ್ಗಾನ್ ಆಸ್ಪತ್ರೆಯಲ್ಲಿ ಸಲೈನ್ ಬಾಟಲಿಯ ಕೆಳಗೆ
ಹನ್ನೊಂದು ರಾತ್ರಿ ನಮ್ಮನೆಯವಳ ಕೈ ಹಿಡಿದಿದ್ದೆ.
ಉಪ್ಪುನೀರು ತೊಟ್ಟುತೊಟ್ಟು ಇಳಿಯುತ್ತಲೇ ಇತ್ತು,
ನರ್ಸು ಬಂದು ನನ್ನ ಬೆರಳು ಬಿಡಿಸಿದಾಗಲೂ.

ನಾಲ್ಕಕ್ಕೆ ಕರೆಂಟು ಹೋಯಿತು.
ಮೇಡಂ ಹೊರಬಂದರು, ಬಾಟಲಿ ಎತ್ತಿ ಅರ್ಧ ಕುಡಿದು
ಉಳಿದದ್ದನ್ನು ಕತ್ತಲಲ್ಲೇ ನನ್ನತ್ತ ಚಾಚಿದರು.