ಙ

ಡಬ್ಬೋ ಕಡೆಯಿಂದ ಬಂದರೆ ರಸ್ತೆಬದಿಯಲ್ಲಿ
ಮೊದಲು ಸಿಗುವುದು ಪ್ಲೂಟೋ, ಒಂದು ಫಲಕ.
ಗ್ರಹವೆಂಬ ಪಟ್ಟ ಹೋಗಿ ಎಷ್ಟೋ ವರ್ಷ,
ಹೆಸರನ್ನು ಮಾತ್ರ ಯಾರೂ ವಾಪಸು ಕೇಳಿಲ್ಲ.
ಆಮೇಲೆ ಒಣಹುಲ್ಲು, ಸತ್ತ ಕಾಂಗರೂ, ಗೋಧಿಯ ಕಣಜ,
ನೆಪ್ಚೂನ್, ಯುರೇನಸ್, ಬಳೆ ತೊಟ್ಟ ಶನಿ.
ಸೂರ್ಯ ಇರುವುದು ಗುಡ್ಡದ ತುದಿಗೆ,
ದೂರದರ್ಶಕದ ಬಿಳಿ ಗುಮ್ಮಟವೇ ಸೂರ್ಯ.
ಅದರ ಕೆಳಗಿನ ಊರು ಕೂನಬರಬ್ರನ್.
ಅಲ್ಲಿನ ಆಸ್ಪತ್ರೆಯಲ್ಲಿ ನನಗೆ ರಾತ್ರಿಪಾಳಿ.

ಹುಟ್ಟಿದ ಕೂಸಿನ ಕೈಗೆ ಪಟ್ಟಿ ಕಟ್ಟುತ್ತೇನೆ:
ಇಂಥವಳ ಮಗು. ಇಷ್ಟು ಗಂಟೆ. ಇಷ್ಟು ತೂಕ.
ಹೆಸರು ಬರುವ ತನಕ ಅಷ್ಟೇ ಗುರುತು.
ಕಾಲು ಉಳುಕಿಸಿಕೊಂಡು ಗುಡ್ಡದಿಂದಿಳಿದ ಹ್ಯೂ ಟ್ರೆಲೋರ್
ಮೇಜಿನ ಮೇಲಿನ ಪಟ್ಟಿ ನೋಡಿ ನಕ್ಕ:
ನಮ್ಮಲ್ಲೂ ಹೀಗೇ, ಸಿಸ್ಟರ್.
ಹೊಸ ಗ್ರಹಕ್ಕೆ ಅದರ ನಕ್ಷತ್ರದ ನಂಬರು, ಕೊನೆಗೊಂದು ಅಕ್ಷರ.
ಮೊದಲು ಸಿಕ್ಕಿದ್ದು ‘ಬಿ’, ಆಮೇಲಿನದು ‘ಸಿ’.
‘ಎ’ ಯಾರು, ಕೇಳಿದೆ.
ಅದು ತಾಯಿಗೆ ಮೀಸಲು, ಅಂದ,
ಆದರೆ ಅವಳು ಅದನ್ನು ಬರೆದುಕೊಳ್ಳುವುದಿಲ್ಲ.
ಮಂಜುಗಡ್ಡೆ ಒತ್ತುತ್ತಿದ್ದ ನನ್ನ ಕೈ ಒಂದು ಗಳಿಗೆ ನಿಂತಿತು.

ನಮ್ಮಲ್ಲಿ ತಿರುಗುಮುರುಗು.
ಚುಕ್ಕಿಯೇ ಮನುಷ್ಯರಿಗೆ ಮೊದಲಕ್ಷರ ಕೊಡುತ್ತದೆ.
ಗದಗಿನಲ್ಲಿ ನಾನು ಹುಟ್ಟಿದ ಹನ್ನೊಂದನೇ ದಿನ
ಪಂಚಾಂಗದ ಮೇಲೆ ಬೆರಳಿಟ್ಟ ಗುಂಡಾಚಾರ್ರು
ಆರಿದ್ರಾ, ಮೂರನೇ ಪಾದ, ಅಂದವರೇ ಕೆಮ್ಮಿದರಂತೆ.
ಕೂ, ಘ, ಙ, ಛ.
ಮೂರನೆಯದು ಙ.
ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ,
ತೊಟ್ಟಿಲ ಪಕ್ಕ ಗೊಣಗಿದಳಂತೆ ಸೋದರತ್ತೆ,
ಕಿವಿಯಲ್ಲಿ ಊದಲು ಹೆಸರೇ ಇಲ್ಲದೆ.

ಶಾಲೆಯ ಗೋಡೆಯ ಅಕ್ಷರಮಾಲೆಯಲ್ಲಿ
ಕ-ಗೆ ಕಮಲ, ಖ-ಗೆ ಖಡ್ಗ, ಗ-ಗೆ ಗರಗಸ, ಘ-ಗೆ ಘಂಟೆ.
ಙ-ದ ಮನೆ ಖಾಲಿ.
ಚಿತ್ರ ಬರೆದವನಿಗೂ ಏನೂ ಹೊಳೆದಿರಲಿಲ್ಲ.
ಆ ಖಾಲಿ ಚೌಕ ನನ್ನದೆಂದು ನನಗೊಬ್ಬಳಿಗೇ ಗೊತ್ತು.
ಆಚಾರ್ರು ಬೆರಳನ್ನು ಒಂದು ಮನೆ ಮುಂದೆ ಸರಿಸಿದ್ದರು:
ಛಾಯಾ. ಸೂರ್ಯನ ಹೆಂಡತಿ ಮನೆ ಬಿಟ್ಟುಹೋದಾಗ
ಅವಳ ಜಾಗದಲ್ಲಿ ನಿಂತವಳು.
ಇಲ್ಲಿಯವರ ಬಾಯಲ್ಲಿ ಅದು ಚಾಯ್.
ಹಾಲು, ಸಕ್ಕರೆ? ಎಂದು ನಾನೇ ಕೇಳಿ ನಗಿಸುತ್ತೇನೆ.

ಜನವರಿಯ ಒಂದು ನಡುರಾತ್ರಿ, ಸೆಕೆ.
ಆಂಬ್ಯುಲೆನ್ಸ್ ನಿಲ್ಲುವ ಕಡೆ, ಬೆಂಚಿನ ಮೇಲೆ ಡೆಲ್ಮಾ ಆಂಟಿ.
ಇವರಲ್ಲೂ ಹಿರಿಯರೆಲ್ಲ ಆಂಟಿಯೇ.
ಒಳಗೆ ಅವಳ ಮೊಮ್ಮಗಳಿಗೆ ನೋವು ಬಂದು ಹೋಗಿ ಮಾಡುತ್ತಿತ್ತು.
ಉತ್ತರಕ್ಕೆ ಬೇಟೆಗಾರ ತಲೆಕೆಳಗಾಗಿ ನೇತುಬಿದ್ದಿದ್ದ,
ಬುಡದಲ್ಲಿ ಆರದ ಕೆಂಡ, ನನ್ನ ಆರಿದ್ರಾ.
ಬೀಟಲ್‌ಜ್ಯೂಸ್ ಎಂಬ ಹೆಸರೂ ತಪ್ಪಂತೆ, ಹ್ಯೂ ಹೇಳಿದ್ದ.
ಅರಬ್ಬಿಯಿಂದ ನಕಲು ಮಾಡಿದವನು ಯಾವನೋ
ಅಕ್ಷರದ ಕೆಳಗೆ ಎರಡು ಚುಕ್ಕಿ ಇರುವಲ್ಲಿ ಒಂದೇ ಕಂಡ.
ಚುಕ್ಕಿಯ ಹೆಸರಿನಲ್ಲೇ ಒಂದು ಚುಕ್ಕಿ ಕಳೆದುಹೋಯಿತು.
ಸಾವಿರ ವರ್ಷ ಹತ್ತಿರ ಬಂತು, ಯಾರೂ ತಿದ್ದಲಿಲ್ಲ,
ಅದೂ ಉರಿಯುವುದನ್ನು ಬಿಡಲಿಲ್ಲ.

ಹೊತ್ತು ಹೋಗಲೆಂದು ಆಂಟಿಗೆ ನನ್ನ ಕತೆ ಹೇಳಿದೆ.
ಆ ಅಕ್ಷರದಿಂದ ಶುರುವಾಗುವ ಮಾತೇ ಇಲ್ಲ ಅಂದೆ,
ಮೂಗಿನಿಂದ ಅಂದು ತೋರಿಸಿದೆ: ಙ.
ಅವಳು ನಗಲಿಲ್ಲ.
ನಮ್ಮ ಗಮಿಲರಾಯ್‌ನಲ್ಲಿ ಬೇಕಾದಷ್ಟಿವೆ, ಅಂದಳು,
ಶಾಲೆಯಲ್ಲಿ ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತೇನೆ,
ಇಂಗ್ಲಿಷಿಗೆ ಒಗ್ಗಿದ ನಾಲಗೆ ಬೇಗ ತಿರುಗುವುದಿಲ್ಲ.
ಎಲ್ಲಿ, ಹೇಳು: ಙಯ.

ಙಯ.

ಮೊದಲ ಸಲಕ್ಕೇ ಬಂತು.
ಹಾಗಂದರೆ?
ಅವಳು ತನ್ನೆದೆಗೆ ಬೆರಳೂರಿದಳು: ನಾನು.

ಒಳಗೆ ಗಂಟೆ ಬಾರಿಸಿತು, ಓಡಿದೆ.
ನಾಲ್ಕೂ ಐದಕ್ಕೆ ಹೆಣ್ಣುಕೂಸು, ಮೂರು ಕಿಲೋ ಇನ್ನೂರು.
ಪಟ್ಟಿಯ ಮೇಲೆ ತಾಯಿಯ ಹೆಸರು ಬರೆದೆ, ಹೊತ್ತು ಬರೆದೆ.
ಕೂಸು ಕಣ್ಣು ಮುಚ್ಚಿಕೊಂಡೇ ಮೂಗಿನಲ್ಲಿ ಏನೋ ಅಂದಿತು.
ಹೆಸರಿನ ಮನೆ ಖಾಲಿ ಬಿಟ್ಟೆ.